ಸುಸ್ತು ಕೂಡ ಒಂದು ಸುದ್ದಿ

ಇವತ್ತು ನನ್ನ ಎದುರಿಗೆ ಯಾವ ಪಕ್ಷದ ವಕ್ತಾರರೂ ಇಲ್ಲ, ಬ್ರೇಕಿಂಗ್ ಪಟ್ಟಿಯೂ ಓಡ್ತಿಲ್ಲ. ಸುಸ್ತಿನ ಬಗ್ಗೆ ಮಾತಾಡ್ತೀನಿ. ನಗಬೇಡಿ. ಯಾರನ್ನಾದರೂ ಹೇಗಿದ್ದೀರಿ ಅಂತ ಕೇಳಿ, ಚೆನ್ನಾಗಿದ್ದೀನಿ ಅಂದ ಮೇಲೆ ಎರಡನೇ ಮಾತು ಏನು ಬರುತ್ತೆ? ‘ಯಾಕೋ ಸುಸ್ತು, ಟೆನ್ಷನ್.’ ಬೆಂಗಳೂರಿನ ಐಟಿ ಹುಡುಗ ಹೇಳೋದೂ ಅದೇ, ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಕೊಂಡು ಕೂತ ತಾಯಿ ಹೇಳೋದೂ ಅದೇ. ಇಷ್ಟು ಜನ ಒಂದೇ ಮಾತು ಹೇಳ್ತಿದ್ದಾರೆ ಅಂದ್ರೆ ಅದು ಸುದ್ದಿ. ನಾವು ಮಾಡದೇ ಬಿಟ್ಟ ಸುದ್ದಿ.

ಈ ಮಾತಿಗೆ ನನ್ನನ್ನು ತಂದು ನಿಲ್ಲಿಸಿದ್ದು ಒಂದು ಊರು. ಸಾಯಗಾಂವ. ಭಾಲ್ಕಿ ತಾಲೂಕು, ಬೀದರ್ ಜಿಲ್ಲೆ. ಕರ್ನಾಟಕದ ನಕ್ಷೆಯಲ್ಲಿ ಕಿರೀಟದ ತುದಿ ಇದೆಯಲ್ಲ, ಅಲ್ಲಿ ಹುಡುಕಬೇಕು. ಆಚೆ ಮಹಾರಾಷ್ಟ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನಡುವೆ ದಖನಿ ಉರ್ದು. ಮಾಂಜ್ರಾ ನದಿಯ ಸೀಮೆ. ಸೋಯಾ, ತೊಗರಿ, ಉದ್ದು, ಹೆಸರು, ಜೋಳ, ಕಬ್ಬು. ಅಲ್ಲಿ ನನ್ನ ಸೋದರತ್ತೆ ಇದ್ದಾರೆ. ಚಿಕ್ಕವನಿದ್ದಾಗ ಬೇಸಿಗೆ ರಜೆ ಪೂರ್ತಿ ಅಲ್ಲೇ. ಬುತ್ತಿ ಗಂಟು ತಲೆ ಮೇಲೆ, ನನ್ನನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊಲಕ್ಕೆ ನಡೆದ ಹೆಂಗಸು ಆಕೆ.

ಕಳೆದ ಎಳ್ಳಮಾವಾಸ್ಯೆಗೆ ಹೋಗಿದ್ದೆ. ದಕ್ಷಿಣದ ವೀಕ್ಷಕರಿಗೆ ಒಂದು ಮಾತು ಹೇಳಬೇಕು. ನಮ್ಮ ಬೀದರ್ ಕಡೆ ಎಳ್ಳಮಾವಾಸ್ಯೆ ಅಂದ್ರೆ ದೀಪಾವಳಿಗಿಂತ ದೊಡ್ಡದು. ಅವತ್ತು ಊರಿಗೆ ಊರೇ ಹೊಲದಲ್ಲಿ. ಜೋಳದ ದಂಟಿನ ಕೊಂಪೆ ಕಟ್ಟಿ, ಅದರೊಳಗೆ ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಊಟ. ಗುರುತಿದ್ದವರು, ಗುರುತಿಲ್ಲದವರು, ದಾರಿಯಲ್ಲಿ ಹೋಗುವವರು ಎಲ್ಲರನ್ನೂ ಕರೆದು ಕೂರಿಸುತ್ತಾರೆ.

ಅವತ್ತು ಮನೆಯಿಂದ ಹೊಲಕ್ಕೆ ಹೋಗುವ ಅಷ್ಟು ದಾರಿಯಲ್ಲಿ ಅತ್ತಿ ಮೂರು ಸಲ ಕೂತಳು. ವಯಸ್ಸು ನಲವತ್ತಾರು. ಮುಖ ಬಿಳಿಚಿಕೊಂಡಿದೆ. ಎದೆ ಡವಡವ. ‘ಏನಾಗ್ಯಾದ ಅತ್ತಿ?’ ಅಂದೆ. ‘ಏನಿಲ್ಲ ತಮ್ಮಾ, ಸುಸ್ತು. ವಯಸ್ಸಾಯ್ತಲ್ಲ’ ಅಂದಳು. ಆಮೇಲೆ ಹೇಳಿದ ಮಾತು ಕೇಳಿ. ‘ನಿಮ್ಮ ಟೀವಿದಾಗೇ ತೋರ್ಸಿದ್ರಲ್ಲ, ತಾಕತ್ತಿನ ಪುಡಿ, ಅದೇ ತರ್ಸೀನಿ. ಮೂರ್ ಡಬ್ಬಿ ಆಯ್ತು, ಇನ್ನಾ ತಾಕತ್ ಬರವಲ್ದು.’

ನಿಮ್ಮ ಟೀವಿದಾಗ. ನಾನು ಇರೋ ಟೀವಿಯಲ್ಲಿ. ಮುಂಜಾನೆಯ ದುಡ್ಡು ಕೊಟ್ಟ ಸ್ಲಾಟಿನಲ್ಲಿ ಬರುವ ಪುಡಿ. ಅತ್ತಿಗೆ ಜಾಹೀರಾತು ಯಾವುದು, ಸುದ್ದಿ ಯಾವುದು ಅಂತ ಗೊತ್ತಾಗಿಲ್ಲ. ಅಳಿಯ ಕೆಲಸ ಮಾಡೋ ಚಾನೆಲ್, ಸುಳ್ಳು ಹೇಳಲ್ಲ ಅಂತ ನಂಬಿದ್ದಾಳೆ. ಕೂಲಿ ದುಡ್ಡಿನಲ್ಲಿ ಮೂರು ಡಬ್ಬಿ ತರಿಸಿದ್ದಾಳೆ. ನಾನು ಆ ಕೊಂಪೆ ಮುಂದೆ ಕೂತು ಭಜ್ಜಿ ಉಣ್ತಾ ಇದ್ದೆ. ತುತ್ತು ಗಂಟಲಲ್ಲಿ ಇಳೀಲಿಲ್ಲ.

ಮರುದಿನವೇ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ 7.4. ಹೆಂಗಸರಿಗೆ ಕನಿಷ್ಠ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ಅದನ್ನು ತೀವ್ರ ರಕ್ತಹೀನತೆ ಅಂತಾರೆ. ಡಾಕ್ಟರಮ್ಮ ಒಂದೊಂದೇ ಪ್ರಶ್ನೆ ಕೇಳಿದ ಮೇಲೆ ಗೊತ್ತಾಯ್ತು, ಎರಡು ವರ್ಷದಿಂದ ಮುಟ್ಟಿನ ರಕ್ತಸ್ರಾವ ವಿಪರೀತ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಗಂಡನಿಗೂ ಹೇಳಿಲ್ಲ. ದೇಹದಿಂದ ರಕ್ತ ಹೋಗ್ತಾ ಇದೆ, ಈಕೆ ಹಾಲಿಗೆ ಪುಡಿ ಕಲಸಿ ಕುಡೀತಾ ಇದ್ದಾಳೆ!

ಇದು ನನ್ನ ಅತ್ತಿಯ ಒಬ್ಬಳ ಕಥೆ ಅಂದ್ಕೋಬೇಡಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆಗೆದು ನೋಡಿ. ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇಕಡಾ 47.8. ಹೆಚ್ಚೂ ಕಡಿಮೆ ಇಬ್ಬರಲ್ಲಿ ಒಬ್ಬರು. ನಿಮ್ಮ ಮನೆಯಲ್ಲಿ ಅಮ್ಮ, ಹೆಂಡತಿ, ಅಕ್ಕ, ಮಗಳು ಸುಸ್ತು ಅಂದಾಗ ನೀವು ಏನಂತೀರಿ? ‘ಸ್ವಲ್ಪ ಮಲಕ್ಕೋ, ಸರಿ ಹೋಗುತ್ತೆ.’ ನಾನೂ ಹಾಗೇ ಅಂದಿದ್ದೀನಿ.

ಹಾಗಾಗಿ ನನ್ನ ಮೊದಲನೇ ಮಾತು ಇದು. ಎರಡು ಮೂರು ವಾರ ಆದರೂ ಹೋಗದ ಸುಸ್ತಿಗೆ ಮನೆಮದ್ದು ಹುಡುಕಬೇಡಿ, ಕಾರಣ ಹುಡುಕಿ. ರಕ್ತ ಕಡಿಮೆ ಇರಬಹುದು. ಥೈರಾಯ್ಡ್ ಇರಬಹುದು. ಸಕ್ಕರೆ ಕಾಯಿಲೆ ಇರಬಹುದು. ಬಿ12 ಕೊರತೆ ಇರಬಹುದು. ಇವೆಲ್ಲ ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವಂಥವು. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತೆ. ಮಾತ್ರೆ ತಗೊಂಡಾಗ ಮಲ ಕಪ್ಪಗೆ ಹೋಗುತ್ತೆ. ಅಷ್ಟಕ್ಕೇ ಹೆದರಿ ಎಷ್ಟೋ ಜನ ಬಿಟ್ಟುಬಿಡ್ತಾರೆ. ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಇನ್ನೊಂದು, ಆ ಮಾತ್ರೆಯನ್ನು ಚಹಾದ ಜೊತೆ ತಗೋಬೇಡಿ. ಊಟ ಆದ ತಕ್ಷಣ ಚಹಾ ಕುಡಿಯೋದು ನಮ್ಮ ಕಡೆಯ ಚಟ. ಚಹಾದಲ್ಲಿರೋ ಒಗರು ಅಂಶ ಅನ್ನದಲ್ಲಿರೋ ಕಬ್ಬಿಣವನ್ನು ಮೈಗೆ ಹತ್ತಲು ಬಿಡಲ್ಲ. ಒಂದು ಗಂಟೆ ಬಿಟ್ಟು ಕುಡೀರಿ. ಊಟದ ಮೇಲೆ ನಿಂಬೆಹುಳಿ ಹಿಂಡಿಕೊಳ್ಳಿ, ಅದು ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತೆ. ಖರ್ಚು ಎಷ್ಟು? ಒಂದು ನಿಂಬೆಹಣ್ಣು.

ಈಗ ಊಟಕ್ಕೆ ಬರೋಣ. ಎಳ್ಳಮಾವಾಸ್ಯೆಯ ಎಲೆಯಲ್ಲಿ ಏನಿರುತ್ತೆ? ಭಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ ಸ್ವಾಮಿ. ಹಸಿ ತೊಗರಿಕಾಳು, ಅವರೆಕಾಳು, ಕಡಲೆ, ಶೇಂಗಾ, ಆ ಕಾಲಕ್ಕೆ ಹೊಲದಲ್ಲಿ ಸಿಗುವ ಸೊಪ್ಪು, ಬದನೆಕಾಯಿ, ಗಜ್ಜರಿ, ಎಲ್ಲ ಹಾಕಿ, ಹುಣಸೆಹುಳಿ, ಕಡಲೆಹಿಟ್ಟು ಬಿಟ್ಟು ಕುದಿಸಿದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಗಡಿಗೆಯಲ್ಲಿ ಅಂಬಲಿ. ಜೋಳವನ್ನು ಬೇಯಿಸಿ, ಮಜ್ಜಿಗೆ ಬೆರೆಸಿ, ಹುಳಿ ಬರಿಸಿ, ಬೆಳ್ಳುಳ್ಳಿ ಹಾಕಿದ್ದು.

ಒಬ್ಬ ಆಹಾರತಜ್ಞರನ್ನು ಕರೆದು ಈ ಎಲೆ ತೋರಿಸಿದರೆ ಅವರು ಹೇಳೋದು ಇಷ್ಟೇ. ಕಾಳು ಮತ್ತು ಧಾನ್ಯ ಸೇರಿದಾಗ ಪ್ರೋಟೀನ್ ಪೂರ್ತಿ ಆಗುತ್ತೆ, ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬುತ್ತೆ. ಜೋಳ, ಸಜ್ಜೆಯಲ್ಲಿ ನಾರು ಇದೆ, ಸಕ್ಕರೆ ರಕ್ತಕ್ಕೆ ನಿಧಾನ ಇಳಿಯುತ್ತೆ, ಅದಕ್ಕೇ ಮಧ್ಯಾಹ್ನ ನಾಲ್ಕರ ತನಕ ಹಸಿವಾಗಲ್ಲ. ಎಳ್ಳಲ್ಲಿ ಸುಣ್ಣದ ಅಂಶ. ಅಂಬಲಿ ಬಿಸಿಲಿಗೆ ನೀರು, ಉಪ್ಪು ಎರಡನ್ನೂ ಕೊಡುತ್ತೆ. ಬೀದರ್ ಬೇಸಿಗೆಯಲ್ಲಿ ಅರ್ಧ ಸುಸ್ತು ಬರೋದೇ ನೀರು ಕಡಿಮೆ ಕುಡಿಯೋದರಿಂದ.

ಆದರೆ ನಿಜ ಹೇಳ್ಬೇಕು. ವರ್ಷಕ್ಕೊಂದು ದಿನ ಭಜ್ಜಿ ಉಂಡರೆ 7.4 ಇದ್ದದ್ದು 12 ಆಗಲ್ಲ. ನಾನು ಅತ್ತಿಯನ್ನು ಕೇಳಿದೆ, ಉಳಿದ ದಿನ ಏನು ಉಣ್ತೀರಿ? ಮುಂಜಾನೆ ಚಹಾ, ಬಿಸ್ಕತ್ತು. ಮಧ್ಯಾಹ್ನ ಅನ್ನ, ನೀರು ಸಾರು. ಗಂಡ ಮಕ್ಕಳು ಉಂಡ ಮೇಲೆ ಉಳಿದದ್ದು. ತೊಗರಿ ಬೆಳೆಯುವ ಮನೆಯಲ್ಲಿ ತೊಗರಿ ಉಳಿದಿಲ್ಲ, ಎಲ್ಲ ಮಾರಾಟ. ಮೊಮ್ಮಕ್ಕಳ ಕೈಯಲ್ಲಿ ಐದು ರೂಪಾಯಿಯ ಕುರುಕಲು ಪ್ಯಾಕೆಟ್. ಡಬ್ಬಿಯಲ್ಲಿ ತರಿಸಿಕೊಂಡ ತಾಕತ್ತು ಹೊಲದಲ್ಲೇ ಬೆಳೆದು ಲಾರಿ ಹತ್ತಿ ಹೋಗಿತ್ತು. ಬೆಳೆದದ್ದರಲ್ಲಿ ಒಂದು ಚೀಲ ಮನೆಗೆ ಇಟ್ಕೊಳ್ಳಿ ಅಂತ ಕೈ ಮುಗಿದು ಕೇಳ್ತೀನಿ. ಮನೆಯ ಹೆಂಗಸರು ಎಲ್ಲರ ಜೊತೆ ಕೂತು ಉಣ್ಣಲಿ, ಕೊನೆಗೆ ಅಲ್ಲ.

ಇಷ್ಟು ಹೊತ್ತು ಅತ್ತಿಯ ಬಗ್ಗೆ ಹೇಳಿದೆ. ಈಗ ನನ್ನ ಬಗ್ಗೆ. ನಾನೇನು ಸಾಚಾ? ಚುನಾವಣೆ ಕಾಲದಲ್ಲಿ ನನ್ನ ಮೇಜಿನ ಕೆಳಗೆ ನೋಡಿದ್ದರೆ ನಿಮಗೆ ಎನರ್ಜಿ ಡ್ರಿಂಕ್ ಡಬ್ಬಗಳು ಸಿಗ್ತಿದ್ದವು. ಕ್ಯಾಮೆರಾ ಮೇಲೆ ಸಿಂಹ, ಕೆಳಗೆ ಡಬ್ಬ. ನಿದ್ದೆ ನಾಲ್ಕು ಗಂಟೆ. ಅದರ ಮೇಲೆ ಚಹಾ, ಲೆಕ್ಕ ಇಲ್ಲ.

ಈ ಕೆಫೀನ್ ಹೇಗೆ ಕೆಲಸ ಮಾಡುತ್ತೆ ಗೊತ್ತಾ? ನಾವು ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಅನ್ನೋ ಒಂದು ವಸ್ತು ಜಮಾ ಆಗ್ತಾ ಹೋಗುತ್ತೆ. ಅದೇ ನಿದ್ದೆ ಬರಿಸೋದು. ಕೆಫೀನ್ ಅದರ ಜಾಗಕ್ಕೆ ಹೋಗಿ ಕೂರುತ್ತೆ, ಅಷ್ಟೇ. ದಣಿವು ಹೋಗಿರಲ್ಲ, ದಣಿವಿನ ಸುದ್ದಿ ಮಾತ್ರ ನಿಮಗೆ ತಲುಪಿರಲ್ಲ. ನಮ್ಮ ಹಳ್ಳಿ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಕೈಗಡ. ಶಕ್ತಿ ಬಂದ ಹಾಗೆ ಆಗುತ್ತೆ, ಸಾಲ ಹಾಗೇ ಇರುತ್ತೆ, ಸಂಜೆ ಬಡ್ಡಿ ಸಮೇತ ಬಾಗಿಲು ಬಡಿಯುತ್ತೆ. ಕುಡಿದ ಕೆಫೀನ್ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಸ್ಟ್ರಾಂಗ್ ಚಹಾ ಕುಡಿದು ಹನ್ನೊಂದಕ್ಕೆ ನಿದ್ದೆ ಬರ್ತಿಲ್ಲ ಅಂತ ದೇವರನ್ನು ಬೈದರೆ ದೇವರು ಏನು ಮಾಡ್ತಾನೆ?

ಆ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನು ಓದಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಒಂದು ಲೀಟರಿಗೆ 300 ಮಿಲಿಗ್ರಾಂ ಮೇಲೆ ಕೆಫೀನ್ ಇರುವಂತಿಲ್ಲ, ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಸೂಕ್ತ ಅಲ್ಲ ಅಂತ ಬರೆಯಲೇಬೇಕು. ಬರೆದಿದ್ದಾರೆ. ಆದರೆ ಭಾಲ್ಕಿಯ ಕಿರಾಣಿ ಅಂಗಡಿಯಲ್ಲಿ ಎಂಟನೇ ಕ್ಲಾಸಿನ ಹುಡುಗ ಅದನ್ನು ಕೊಳ್ಳೋದನ್ನು ನಾನೇ ನೋಡಿದೆ. ‘ಯಾಕೋ ತಮ್ಮಾ?’ ಅಂದ್ರೆ, ‘ಪರೀಕ್ಷಾ ಅದರೀ ಸರ್, ರಾತ್ರಿ ಓದಬೇಕು’ ಅಂದ. ಆ ಹುಡುಗನಿಗೆ ಬೇಕಾದದ್ದು ಎಂಟು ಗಂಟೆ ನಿದ್ದೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗೋದೇ ನಿದ್ದೆಯಲ್ಲಿ.

ನಾನು ಏನು ಮಾಡಿದೆ? ದೊಡ್ಡದೇನಿಲ್ಲ. ಮಧ್ಯಾಹ್ನ ಮೂರರ ಮೇಲೆ ಚಹಾ ಬಂದ್. ಫೋನ್ ಮಲಗುವ ಕೋಣೆಯ ಹೊರಗೆ. ಬೆಳಿಗ್ಗೆ ಬಿಸಿಲಲ್ಲಿ ಅರ್ಧ ಗಂಟೆ ನಡಿಗೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಮೊದಲ ವಾರ ತಲೆನೋವು, ಸಿಡಿಮಿಡಿ. ನನ್ನ ಪ್ರೊಡ್ಯೂಸರ್‌ನ ಕೇಳಿ, ಹೇಳ್ತಾರೆ. ಎರಡನೇ ವಾರದಿಂದ ನಿದ್ದೆ ಹತ್ತಿತು.

ಇನ್ನು ಟೆನ್ಷನ್ ವಿಷಯ. ಇಲ್ಲಿ ಸ್ವಲ್ಪ ಎಚ್ಚರಿಕೆಯಿಂದ ಮಾತಾಡಬೇಕು. ಯಾಕಂದ್ರೆ ಟೀವಿಯಲ್ಲಿ ಕೂತು ‘ಪಾಸಿಟಿವ್ ಆಗಿರಿ’ ಅನ್ನೋದು ಬಹಳ ಸುಲಭ. ನನ್ನ ಮಾವ ಸಾಯಗಾಂವದಲ್ಲಿ ರಾತ್ರಿ ಅಂಗಳದಲ್ಲಿ ಒಬ್ಬರೇ ಕೂತಿರ್ತಾರೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ, ಧನೆಗಾಂವ ಡ್ಯಾಮಿನಿಂದ ನೀರು ಬಿಟ್ಟರೆ, ಮಾಂಜ್ರಾ ಉಕ್ಕಿ ಇವರ ಸೋಯಾ ನೀರಲ್ಲಿ ನಿಲ್ಲುತ್ತೆ. ಸಾಲ ಮಾತ್ರ ಮುಳುಗಲ್ಲ. ಇಂಥ ಮನುಷ್ಯನಿಗೆ ಕಣ್ಣು ಮುಚ್ಚಿ ಉಸಿರು ತಗೋ ಅಂದ್ರೆ ಬೈದ ಹಾಗೆ. ಪ್ರಾಣಾಯಾಮದಿಂದ ಬೆಳೆ ವಿಮೆ ಬರಲ್ಲ.

‘ನಿದ್ದಿ ಬರ್ತದೇನು ಮಾವ?’ ಅಂತ ಕೇಳಿದೆ. ಅವರ ಉತ್ತರ: ‘ಎಲ್ಲಿಂದ ಬರ್ತದ? ರಾತ್ರಿ ಹನ್ನೊಂದರ ತನಕ ನಿಮ್ಮ ಟೀವಿ ನೋಡ್ತೀನಿ. ನೀವು ಅಷ್ಟೂ ಮಂದಿ ಕೂಡೇ ಒದರ್ತೀರಿ. ಬಂದ್ ಮಾಡಿ ಮಲಕೊಂಡ್ರೂ ಕಿವ್ಯಾಗ ಅದೇ ಗುಂಯ್ ಅಂತದ.’

ಎರಡನೇ ಪೆಟ್ಟು. ಹೆಂಡತಿಗೆ ನಮ್ಮ ಬೆಳಗಿನ ಸ್ಲಾಟು, ಗಂಡನಿಗೆ ನಮ್ಮ ರಾತ್ರಿಯ ಸ್ಲಾಟು.

ಅವತ್ತು ರಾತ್ರಿ ನಾವಿಬ್ಬರೂ ಒಂದು ಕೆಲಸ ಮಾಡಿದ್ವಿ. ಮಗನ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ಹರಿದು ಎರಡು ಪಟ್ಟಿ ಬರೆದ್ವಿ. ಒಂದು ಕಡೆ ಮಾವನ ಕೈಯಲ್ಲಿ ಇರೋದು. ಇನ್ನೊಂದು ಕಡೆ ಕೈಯಲ್ಲಿ ಇಲ್ಲದ್ದು. ಮಳೆ, ಡ್ಯಾಮು, ಸೋಯಾ ರೇಟು ಇಲ್ಲದ್ದರ ಕಡೆ. ಸಾಲ ಯಾರಿಗೆ ಎಷ್ಟು, ಬಡ್ಡಿ ಯಾವುದಕ್ಕೆ ಜಾಸ್ತಿ, ಬ್ಯಾಂಕಿಗೆ ಹೋಗಿ ಮಾತಾಡೋದು, ಇವು ಇರೋದರ ಕಡೆ. ವಿಮೆಯೂ ಆ ಕಡೆಯೇ. ಫಸಲ್ ಬಿಮಾದಲ್ಲಿ ನೆರೆಯಂಥ ಸ್ಥಳೀಯ ವಿಪತ್ತಿನಿಂದ ಹೊಲ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಮಾವ ತಿಳಿಸಿದ್ದು ಹತ್ತು ದಿನ ಆದ ಮೇಲೆ. ಆ ವರ್ಷದ್ದು ಹೋಯ್ತು. ಮುಂದಿನದಕ್ಕೆ 72 ಅಂತ ಗೋಡೆ ಮೇಲೆ ಸುಣ್ಣದಲ್ಲಿ ಬರೆಸಿದ್ದೀನಿ. ಹಾಳೆ ಬರೆದು ಮುಗಿಸಿದಾಗ ಸಾಲ ಒಂದು ರೂಪಾಯಿ ಕಡಿಮೆ ಆಗಿರಲಿಲ್ಲ. ಆದರೆ ಮಾವ ಅಂದ್ರು, ‘ತಲ್ಯಾಗ ಇದ್ದಾಗ ಇದು ಭಾಳ ದೊಡ್ಡದಿತ್ತು.’ ಮನಸ್ಸಿನೊಳಗೆ ಸುತ್ತೋ ಚಿಂತೆಗೆ ಗಡಿ ಇರಲ್ಲ. ಹಾಳೆಗೆ ನಾಲ್ಕು ಅಂಚು ಇರುತ್ತೆ.

ಇದಾದ ಮೇಲೆ ಉಸಿರಿನ ಮಾತು ಬರುತ್ತೆ, ಆಗ ಅದು ಉಪಯೋಗಕ್ಕೂ ಬರುತ್ತೆ. ಮೂಗಿನಿಂದ ನಿಧಾನ ಒಳಗೆ, ನಾಲ್ಕು ಎಣಿಸಿ. ಇನ್ನೂ ನಿಧಾನ ಹೊರಗೆ, ಆರು ಎಣಿಸಿ. ಉಸಿರು ಬಿಡೋದು ಉದ್ದ ಆದಾಗ ಎದೆಬಡಿತ ಇಳಿಯುತ್ತೆ. ಐದು ನಿಮಿಷ ಸಾಕು, ಮಲಗುವ ಮುಂಚೆ. ಇದಕ್ಕೆ ಮ್ಯಾಟೂ ಬೇಡ, ಶಿಬಿರವೂ ಬೇಡ. ಇನ್ನೊಂದು ಮದ್ದು ನಮ್ಮ ಹಳ್ಳಿಗಳಲ್ಲಿ ಮೊದಲೇ ಇತ್ತು. ಕಟ್ಟೆ. ಭಜನೆ. ಅಮಾವಾಸ್ಯೆಗೆ ಮಠ. ಮೊಹರಂಗೆ ಎಲ್ಲರೂ ಒಟ್ಟಿಗೆ. ಜನ ಅಲ್ಲಿ ಹಾಡ್ತಿದ್ದರು, ಹರಟ್ತಿದ್ದರು, ಅದರ ನಡುವೆ ಕಷ್ಟ ಹೇಳ್ಕೊಳ್ತಿದ್ದರು. ಈಗ ಕಟ್ಟೆ ಖಾಲಿ. ಎಲ್ಲರೂ ಅವರವರ ಮನೆಯಲ್ಲಿ ನಮ್ಮನ್ನು ನೋಡ್ತಿದ್ದಾರೆ.

ಒಂದು ಗೆರೆ ಇದೆ, ಅದನ್ನು ದಾಟಿದ ಮೇಲೆ ಇದ್ಯಾವುದೂ ಸಾಲಲ್ಲ. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಯಾರ ಜೊತೆಗೂ ಮಾತಿಲ್ಲ, ಬದುಕಿ ಏನು ಮಾಡೋದು ಅನ್ನೋ ಮಾತು ಬಾಯಲ್ಲಿ ಬಂತು. ಅದನ್ನು ನಾಟಕ ಅನ್ನಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಬರ್ಕೊಳ್ಳಿ. ನಿಮಗೆ ಬೇಡದಿದ್ದರೂ ನಿಮ್ಮ ಓಣಿಯಲ್ಲಿ ಯಾರಿಗೋ ಬೇಕಾಗಿರುತ್ತೆ.

ಕೊನೆಗೆ ಆ ಪುಡಿ. ‘ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ’ ಅಂತಾರಲ್ಲ. ಎಕ್ಕದ ಹಾಲೂ ನ್ಯಾಚುರಲ್ಲೇ, ಯಾರಾದರೂ ಕುಡೀತಾರಾ? ಅಶ್ವಗಂಧ ನಮ್ಮ ಹಳೇ ಔಷಧ, ಗೌರವ ಇದೆ. ಒತ್ತಡ, ನಿದ್ದೆಗೆ ಕೆಲವರಿಗೆ ಅನುಕೂಲ ಆಗಿದೆ ಅನ್ನೋ ಅಧ್ಯಯನಗಳೂ ಇವೆ. ಆದರೆ ಗರ್ಭಿಣಿಯರು ತಗೋಬಾರದು, ಥೈರಾಯ್ಡ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ತಗೋಬಾರದು, ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದದ್ದೂ ದಾಖಲಾಗಿದೆ. ವೈದ್ಯರು ನಾಡಿ ಹಿಡಿದು ನೋಡಿ ಕೊಡೋದು ಬೇರೆ, ಟೀವಿ ನೋಡಿ ಫೋನ್ ಮಾಡಿ ತರಿಸಿಕೊಳ್ಳೋದು ಬೇರೆ. ಪವಾಡದ ಔಷಧಿ ಜಾಹೀರಾತಿನ ವಿರುದ್ಧ ನಮ್ಮ ದೇಶದಲ್ಲಿ 1954ರಿಂದ ಕಾನೂನು ಇದೆ. ಕಾನೂನಿಗೆ ಎಪ್ಪತ್ತು ದಾಟಿದೆ, ಪವಾಡಕ್ಕೆ ಇನ್ನೂ ಹದಿನೆಂಟು.

ಊರಿಂದ ಬಂದ ಮೇಲೆ ಈ ವಿಷಯ ನಮ್ಮ ಮೀಟಿಂಗಿನಲ್ಲಿ ಎತ್ತಿದೆ. ಏನಾಯ್ತು ಅಂತ ಹೇಳಿಬಿಡ್ತೀನಿ, ಹೀರೋ ಆಗೋದು ಬೇಡ. ಸ್ಲಾಟು ನಿಂತಿಲ್ಲ. ‘ಜಾಹೀರಾತು’ ಅನ್ನೋ ಅಕ್ಷರ ಮೊದಲಿಗಿಂತ ದೊಡ್ಡದಾಗಿದೆ, ಪೂರ್ತಿ ಹೊತ್ತು ಪರದೆ ಮೇಲೆ ಇರುತ್ತೆ. ಸಂಬಳ ಕೊಡೋದು ಆ ದುಡ್ಡೇ ಅಂತ ನನಗೂ ಗೊತ್ತು. ಅಷ್ಟರಲ್ಲಿ ನಾನು ಮಾಡಬಹುದಾದ್ದು ಇದು, ನನ್ನ ಸಮಯದಲ್ಲಿ ಕೂತು ನಿಮಗೆ ಇದನ್ನೆಲ್ಲ ಹೇಳೋದು.

ಮೊನ್ನೆ ಯುಗಾದಿಗೆ ಅತ್ತಿ ಫೋನ್ ಮಾಡಿದ್ದಳು. ಮೂರು ತಿಂಗಳ ಮಾತ್ರೆ, ರಕ್ತಸ್ರಾವಕ್ಕೆ ಬೇರೆ ಚಿಕಿತ್ಸೆ. ಹಿಮೋಗ್ಲೋಬಿನ್ 10.8. ಇನ್ನೂ ಪೂರ್ತಿ ಆಗಿಲ್ಲ, ಆದರೆ ಹೊಲದ ತನಕ ಕೂರದೆ ಹೋಗಿ ಬರ್ತಾಳಂತೆ. ನಾನು ಖುಷಿಯಾಗಿ, ‘ಆ ಪುಡಿ ಡಬ್ಬಿ ಏನ್ ಮಾಡ್ದಿ ಅತ್ತಿ?’ ಅಂದೆ. ‘ಭಾಳ ಚೊಲೋ ಡಬ್ಬಿ ಅವ ತಮ್ಮಾ, ಮುಚ್ಚಳ ಗಟ್ಟಿ ಅದ. ತೊಗರಿ ಬ್ಯಾಳಿ ತುಂಬಿಟ್ಟೀನಿ’ ಅಂದಳು.

ಅತ್ತಿಗೆ ಅಲ್ಲೇ ಕ್ಷಮೆ ಕೇಳಿದೆ. ಅವಳ ಹಾಗೆ ನಮ್ಮನ್ನು ನಂಬಿ ದುಡ್ಡು ಕಳಕೊಂಡವರು ಇನ್ನೆಷ್ಟು ಊರಲ್ಲಿ ಇದ್ದೀರೋ, ನಿಮ್ಮೆಲ್ಲರ ಕ್ಷಮೆಯನ್ನೂ ಇಲ್ಲಿಂದಲೇ ಕೇಳ್ತೀನಿ. ನಾಳೆ ಬೆಳಿಗ್ಗೆ ಮನೆಯಲ್ಲಿ ಸುಸ್ತು ಅನ್ನೋರನ್ನು ಒಂದು ಸಲ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗಿ. ಈಗ ಹತ್ತೂವರೆ ಆಗ್ತಾ ಬಂತು. ನನ್ನ ನಂತರ ಇನ್ನೊಂದು ಕಾರ್ಯಕ್ರಮ ಇದೆ. ಅದು ನಾಳೆಯೂ ಸಿಗುತ್ತೆ. ಟೀವಿ ಆರಿಸಿ, ಮಲಗಿ.